ಒಡಪಿನಲ್ಲಿ ಹುಟ್ಟಿದ ಪಾತ್ರಗಳು

ಆ ಆಟದ ಪುಸ್ತಕವನ್ನು ಇಟ್ಟಾಗ ಮೇಜು ಒಮ್ಮೆ ಅಲುಗಾಡಿತು. ತಂದವರು ಅದನ್ನು ಹೆಮ್ಮೆಯಿಂದ ಸವರಿ, ಇದರಲ್ಲಿ ಅರ್ಧದಷ್ಟು ಬರೀ ಪಾತ್ರ ಹುಟ್ಟಿಸುವ ನಿಯಮಗಳೇ ಇವೆ ಎಂದರು. ಮಗನಿಗೆ ಸರಕಾರಿ ನೌಕರಿ ಸಿಕ್ಕಿತು ಎಂದು ಹೇಳುವವರ ಧಾಟಿ ಅದು. ನಿಜವಾದ ಮನುಷ್ಯ ಹುಟ್ಟುವುದಕ್ಕೂ ಇಷ್ಟು ಕಾಗದ ಬೇಕಾಗುವುದಿಲ್ಲ ಎಂದು ನಾನು ಆಗಲೇ ಅನ್ನಬೇಕಿತ್ತು. ಅನ್ನಲಿಲ್ಲ. ಅಂದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ವಿಜಯಪುರದ ಜಲನಗರದಲ್ಲಿ ನಾನು ಉಗ್ಗುವವರಿಗೆ ಮಾತಿನ ಚಿಕಿತ್ಸೆ ಕೊಡುತ್ತೇನೆ. ಆಗ ನನ್ನಲ್ಲಿಗೆ ಬರುತ್ತಿದ್ದ ಮೂವರು ದೊಡ್ಡವರು ಒಂದೇ ಕಡೆ ಬಂದು ಸಿಕ್ಕಿಕೊಂಡಿದ್ದರು. ನನ್ನ ಕೋಣೆಯೊಳಗೆ ಚೆನ್ನಾಗಿಯೇ ಮಾತಾಡುತ್ತಿದ್ದರು, ಮೆಟ್ಟಿಲಿಳಿದರೆ ಆಟೋದವನಿಗೆ ಹೋಗುವ ಜಾಗ ಹೇಳಲು ಆಗುತ್ತಿರಲಿಲ್ಲ. ನನ್ನ ಕಸುಬಿನ ದೊಡ್ಡ ಸುಳ್ಳು ಇದೇ. ಮುಚ್ಚಿದ ಕೋಣೆಯಲ್ಲಿ, ಸಂಬಳಕ್ಕೆ ತಾಳ್ಮೆ ತೋರಿಸುವ ಒಬ್ಬಳ ಮುಂದೆ ಮಾತು ಸರಾಗವಾಗುತ್ತದೆ. ನಾವು ಅದಕ್ಕೊಂದು ನಕ್ಷೆ ಬರೆದು, ಗೆರೆ ಮೇಲೇರಿದ್ದನ್ನು ತೋರಿಸಿ, ನಮ್ಮ ಬೆನ್ನನ್ನು ನಾವೇ ಚಪ್ಪರಿಸಿಕೊಳ್ಳುತ್ತೇವೆ.

ಮೂವರಲ್ಲಿ ಒಬ್ಬರು ಹೊನವಾಡದ ದ್ರಾಕ್ಷಿ ಬೆಳೆಗಾರ. ಇನ್ನೊಬ್ಬರು ಸೊಲ್ಲಾಪುರ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವರು. ಮೂರನೆಯವಳು ಟಿಕೋಟಾದವಳು, ಅಲ್ಲಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಅವಳಿಗೆ ಬಬಲೇಶ್ವರದ ಹುಡುಗನ ಜೊತೆ ಲಗ್ನ ಗೊತ್ತಾಗಿತ್ತು. ಮೊದಲ ಸಲ ಬಂದಾಗ ಅವಳ ಪರವಾಗಿ ಅವಳ ತಾಯಿಯೇ ಮಾತಾಡಿದರು.

"ಮೇಡಂರೀ, ಭಾಳೇನ ಬ್ಯಾಡ್ರಿ. ಹೊಸ್ತಿಲ ಮ್ಯಾಲ ನಿಂತು ಒಡಪ ಹಾಕಿ ಗಂಡನ ಹೆಸರ ಒಂದ ಹೇಳೂವಂಗ ಮಾಡಿಕೊಡ್ರಿ. ಆಮ್ಯಾಲ ಜಲ್ಮಪೂರ್ತಿ ಸುಮ್ಮ ಕುಂತ್ರೂ ನಡೀತೈತಿ."

ಹೆತ್ತ ಮಗಳ ಬಗ್ಗೆ ಹೀಗೆ ಹೇಳಿ ಅವರು ನನ್ನನ್ನು ನೋಡಿ ನಕ್ಕರು ಕೂಡ.

ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಹಾಗೇ ಕರೆಯುವುದಿಲ್ಲ. ಮದುಮಗಳು ಮನೆ ತುಂಬುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ಅದನ್ನೂ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಹೇಳುವವರೆಗೂ ಒಳಗೆ ಬಿಡುವುದಿಲ್ಲ, ಹೇಳಲು ತಡವರಿಸಿದರೆ ನಗುತ್ತಾರೆ. ಸಾಮಾನ್ಯ ಹುಡುಗಿಗೆ ಅದು ನಾಚಿಕೆಯ ಆಟ. ಇವಳಿಗೆ ಪ, ಬ, ಮದಂಥ ತುಟಿ ಕೂಡುವ ಅಕ್ಷರಗಳೇ ಬಾಯಲ್ಲಿ ಹಿಡಿದು ನಿಲ್ಲುತ್ತಿದ್ದವು, ಗಂಡನಾಗುವವನ ಹೆಸರು ಬಸವರಾಜ. (ಹೆಸರು ಬದಲಿಸಿದ್ದೇನೆ. ಮೊದಲ ಅಕ್ಷರ ಬದಲಿಸಿಲ್ಲ, ಏಕೆಂದರೆ ಕಷ್ಟವೆಲ್ಲ ಅದರಲ್ಲೇ ಇತ್ತು.) ಉಗ್ಗಿನ ವಿಷಯ ಬೀಗರಿಗೆ ಗೊತ್ತಿರಲಿಲ್ಲ. "ಹುಡುಗಿ ಭಾಳ ಶಾಂತ" ಎಂದು ಹೇಳಿ ಮಾತು ಮುಗಿಸಿದ್ದರು. ಹಿಂದೆ ಎರಡು ಸಂಬಂಧ ಇದೇ ಕಾರಣಕ್ಕೆ ಮುರಿದಿದ್ದವು. ಹೊಸ್ತಿಲ ಮೇಲೆ ಬಾಯಿ ಕಟ್ಟಿದರೆ ಮುಚ್ಚಿಟ್ಟಿದ್ದೆಲ್ಲ ಊರ ಮುಂದೆ ಬೀಳುತ್ತಿತ್ತು.

ತಾಯಿ ನೀರು ಕುಡಿಯಲು ಹೊರಗೆ ಹೋದಾಗ ಹುಡುಗಿ ತಾನೇ ಹೇಳಿದಳು. ಬಹಳ ಹೊತ್ತು ಹಿಡಿಯಿತು. "ಅವ್ವಗ ಮಾನ ಉಳಿದ್ರ ಸಾಕ್ರಿ. ನನಗ ಹಂಗಲ್ಲ. ಆ ಒಂದ ಹೆಸರು ನನ್ನ ಬಾಯಿಂದ ನಾನ ಹೇಳಬೇಕ್ರಿ."

ಕೋಣೆಯ ಮಾತನ್ನು ಕೋಣೆಯ ಹೊರಗೆ ಒಯ್ಯಬೇಕಿತ್ತು. ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ ಇದಕ್ಕೆ ಒಳ್ಳೆಯದು ಎಂದು ಒಂದು ತರಬೇತಿಯಲ್ಲಿ ಕೇಳಿದ್ದೆ. ಆಟ ಇಷ್ಟೇ. ಪ್ರತಿಯೊಬ್ಬರೂ ಒಂದು ಕಾಲ್ಪನಿಕ ಪಾತ್ರ ಮಾಡಿಕೊಳ್ಳುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, "ಕೋಟೆಯ ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಆಡುವವರು ತಮ್ಮ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬೇರೆಯವರಾಗಿ ಮಾತಾಡುವಾಗ ಅನೇಕರಿಗೆ ಉಗ್ಗು ಸಡಿಲಾಗುತ್ತದೆ.

ನನಗೆ ಆಟ ನಡೆಸಲು ಬರುತ್ತಿರಲಿಲ್ಲ. ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು ಇಂಥ ಆಟದ ಕೂಟ ನಡೆಸುತ್ತಾರೆ ಎಂದು ಗೊತ್ತಾಗಿ ಅವರನ್ನು ಕರೆದೆ. ಅವರೇ ಆ ಪುಸ್ತಕ ತಂದವರು. ಪುಸ್ತಕ ಬಿಟ್ಟರೆ ಅವರಿಗೆ ಲೋಕದಲ್ಲಿ ಬೇರೆ ನೆಂಟರಿಲ್ಲ ಎಂದು ಆಮೇಲೆ ತಿಳಿಯಿತು.

ಮೊದಲ ಭಾನುವಾರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಸೇರಿದೆವು. ಉಪನ್ಯಾಸಕರು ಒಬ್ಬೊಬ್ಬರಿಗೆ ಒಂದು ಹಾಳೆ, ಪೆನ್ಸಿಲ್, ರಬ್ಬರ್ ಕೊಟ್ಟರು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣ. ಕೊಟ್ಟ ಅಂಕಗಳನ್ನು ಆರಕ್ಕೂ ಹಂಚಬೇಕು, ಒಂದರಲ್ಲಿ ಕಡಿಮೆ ಮಾಡಿದರೆ ಇನ್ನೊಂದಕ್ಕೆ ಸೇರಿಸಬಹುದು. ಆಮೇಲೆ ಕಸುಬು, ಪೂರ್ವಕಥೆ, ಆಯುಧ, ಆಯುಧದ ತೂಕ, ಹೊರಬಲ್ಲ ಭಾರ, ಬಲ್ಲ ಭಾಷೆಗಳು. ಭಾಷೆಯ ಕೆಳಗೆ ಯಕ್ಷರದ್ದು, ಕುಬ್ಜರದ್ದು ಎಂದು ಹತ್ತೆಂಟು ಇದ್ದವು. ದ್ರಾಕ್ಷಿ ಬೆಳೆಗಾರರು ಅವನ್ನೆಲ್ಲ ಹೊಡೆದುಹಾಕಿ "ಕನ್ನಡ, ಮರಾಠಿ" ಎಂದು ಬರೆದರು. ಆ ದಿನ ಆ ಹಾಳೆಗಳ ಮೇಲೆ ಬಿದ್ದ ಬುದ್ಧಿಯ ಮಾತು ಅದೊಂದೇ.

ಮೂವರೂ ತಲೆ ಬಗ್ಗಿಸಿ ಬರೆದರು, ಅಳಿಸಿದರು, ಮತ್ತೆ ಬರೆದರು. ಹೊನವಾಡದ ಬಸ್ಸಿನ ಹೊತ್ತಾಯಿತು, ಆಟ ಶುರುವೇ ಆಗಲಿಲ್ಲ. ಉಪನ್ಯಾಸಕರಿಗೆ ಮಾತ್ರ ಆನಂದ.

"ಎಷ್ಟ ಏಕಾಗ್ರತಾ ನೋಡ್ರಿ ಮೇಡಂ. ನಮ್ಮ ಕಾಲೇಜ ಹುಡುಗೂರ್ಗಿ ಇದ್ರಾಗಿನ ಅರ್ಧಾ ಇಲ್ಲ. ಪಾತ್ರಾ ಮಾಡೂದ್ರಾಗ ಖರೇ ಮಜಾ ಐತ್ರಿ, ಆಟ ಆಮ್ಯಾಲಿಂದು."

ನಾನು ಮೇಜಿನ ಮೇಲೆ ಧ್ವನಿಮುದ್ರಣಕ್ಕೆ ಫೋನ್ ಇಟ್ಟಿದ್ದೆ. ಮನೆಗೆ ಹೋಗಿ ಕೇಳಿದೆ. ಫ್ಯಾನಿನ ಸದ್ದು, ಪೆನ್ಸಿಲಿನ ಸದ್ದು, ಉಪನ್ಯಾಸಕರ ಸದ್ದು. ನನ್ನ ಮೂವರ ಪಾಲಿಗೆ ಒಂದು "ಹಾಂ" ಮತ್ತು ಒಂದು ಕೆಮ್ಮು. ಅವರಿಗೆ ನಿಯಮ ಅರ್ಥವಾಗಲಿಲ್ಲ ಎಂದುಕೊಂಡಿದ್ದೆ. ಅರ್ಥವಾಗದೆ ಏನು? ಬರೆಯುತ್ತಾ ಇರುವವರೆಗೆ ಮಾತಾಡಬೇಕಿಲ್ಲ ಎಂಬುದು ಅವರಿಗೆ ಮೊದಲ ಹತ್ತು ನಿಮಿಷದಲ್ಲೇ ಅರ್ಥವಾಗಿತ್ತು.

ಆಮೇಲೆ ಹಾಳೆಗಳನ್ನು ಓದಿದೆ. ಬೆಳೆಗಾರರ ಪಾತ್ರ ಒಬ್ಬ ಯೋಧ, ವೈರಿಗಳು ಅವನ ನಾಲಿಗೆ ಕತ್ತರಿಸಿದ್ದಾರೆ. ವರ್ಚಸ್ಸಿನ ಅಂಕಗಳನ್ನೆಲ್ಲ ಕಿತ್ತು ಬಲಕ್ಕೆ ಹಾಕಿದ್ದರು. ವೆಲ್ಡಿಂಗ್‌ನವರದು ಒಬ್ಬ ಬೇಟೆಗಾರ, ಎಲ್ಲರಿಗಿಂತ ಮುಂದೆ ಒಬ್ಬನೇ ನಡೆದು ಸಿಳ್ಳೆಯಲ್ಲಿ ಸಂಜ್ಞೆ ಕೊಡುತ್ತಾನೆ. ಟಿಕೋಟಾದ ಹುಡುಗಿಯದು ಒಬ್ಬ ಸನ್ಯಾಸಿನಿ, ಕೋಟೆ ಗೆಲ್ಲುವವರೆಗೂ ಮೌನವ್ರತ. ಮೂವರೂ ಒಬ್ಬರನ್ನೊಬ್ಬರು ಕೇಳದೆ ಮೂರು ಮೂಕ ಪಾತ್ರಗಳನ್ನು ಹುಟ್ಟಿಸಿದ್ದರು. ನಾನು ಉಪನ್ಯಾಸಕರಿಗೆ ಫೋನು ಮಾಡಿ ಹೇಳಿದೆ.

"ನಿಯಮದಾಗ ಕುಂಡರತಾವ್ರಿ ಮೇಡಂ" ಎಂದರು ಪುಣ್ಯಾತ್ಮರು. "ಒಂದೂ ತಪ್ಪಿಲ್ಲ. ನಾ ಲೆಕ್ಕಾ ಹಾಕಿ ನೋಡೀನಿ."

ಕುರಿ ಕಾಯಲು ತೋಳನನ್ನು ಇಟ್ಟಂತಾಗಿತ್ತು. ಉಗ್ಗುವವರಿಗೆ ಮಾತು ಕೊಡಿಸಲು ಹೋಗಿ, ಮಾತು ತಪ್ಪಿಸಿಕೊಳ್ಳಲು ಮುನ್ನೂರು ಪುಟಗಳ ಕಾಡನ್ನೇ ನಾನು ಅವರ ಕೈಗೆ ಕೊಟ್ಟಿದ್ದೆ.

ಎರಡನೆಯ ಭಾನುವಾರಕ್ಕೆ ನಾನೇ ಸಿದ್ಧ ಪಾತ್ರಗಳನ್ನು ಮಾಡಿ ಒಯ್ದೆ. ಅಂಕ ಇಲ್ಲ, ಭಾರ ಇಲ್ಲ. ಒಂದೊಂದು ರಟ್ಟಿನ ತುಂಡು, ಅದರ ಮೇಲೆ ಹೆಸರು, ಕಸುಬು. ಮೂರೂ ಬಾಯಿ ಬೇಕಾದ ಕಸುಬುಗಳೇ: ಡಂಗುರ ಸಾರುವವ, ವ್ಯಾಪಾರಿ, ರಾಯಭಾರಿ ಹೆಂಗಸು. ಇನ್ನು ಎಲ್ಲಿಗೆ ಓಡುತ್ತಾರೆ ನೋಡುತ್ತೇನೆ ಎಂದುಕೊಂಡೆ. ಉಪನ್ಯಾಸಕರು ಆ ರಟ್ಟುಗಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಸತ್ತ ಜಿರಲೆಯಂತೆ ಕೆಳಗಿಟ್ಟರು.

"ಹೆಸರು ಬದಲ ಮಾಡಬಹುದಾ ಮೇಡಂರೀ?" ಎಂದು ಬೆಳೆಗಾರರು ಕೇಳಿದರು. ಮಾಡಿಕೊಳ್ಳಿ ಎಂದೆ, ಪೆದ್ದಿ. ಡಂಗುರದವನು "ಅಣ್ಣ" ಆದ. ವ್ಯಾಪಾರಿ "ಯಲ್ಲ" ಆದ. ರಾಯಭಾರಿಗೆ ಹುಡುಗಿ "ಈರಿ" ಎಂದು ಹೆಸರಿಟ್ಟಳು. ಮೂವರೂ ತಮಗೆ ಹಿಡಿಯದ ಅಕ್ಷರಗಳನ್ನು ಆರಿಸಿಕೊಂಡಿದ್ದರು. ಆಟ ನಡೆಯಿತು, ಮಾತೂ ನಡೆಯಿತು. ಉಪನ್ಯಾಸಕರು ಕೋಟೆಯ ಕಾವಲುಗಾರನಾಗಿ "ಯಾಕ ಬಂದೀರಿ?" ಎಂದು ಕೇಳಿದಾಗ ಹುಡುಗಿ "ಬಾಗಿಲು" ಎನ್ನಬೇಕಾದಲ್ಲಿ "ಕದಾ ತಗೀರಿ" ಎಂದಳು. "ಮಹಾರಾಜ" ಎನ್ನಬೇಕಾದಲ್ಲಿ "ದೊರಿ" ಎಂದಳು. ಒಂದು ಸಲವೂ ಉಗ್ಗಲಿಲ್ಲ. ಉಪನ್ಯಾಸಕರು ನನ್ನ ಕಡೆ ತಿರುಗಿ, "ಆರಾಮ ಆತಲ್ರಿ ಮೇಡಂ" ಎಂದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಅದು ಆರಾಮವಲ್ಲ, ಪಲಾಯನ. ಉಗ್ಗುವವರಿಗೆ ಗೊತ್ತಿರುವಷ್ಟು ಸಮಾನಾರ್ಥಕ ಪದಗಳು ಪಂಡಿತರಿಗೂ ಗೊತ್ತಿರುವುದಿಲ್ಲ. ಒಂದು ಮಾತು ಹಿಡಿಯುತ್ತದೆ ಎಂದು ಎರಡು ಮಾತು ಮೊದಲೇ ತಿಳಿದು ಇನ್ನೊಂದಕ್ಕೆ ಜಾರಿಬಿಡುತ್ತಾರೆ. ಹೀಗೆ ಜಾರಿ ಜಾರಿಯೇ ಆ ಹುಡುಗಿ ಡಿಪ್ಲೊಮಾ ಮುಗಿಸಿದ್ದಳು. ಲ್ಯಾಬಿನಲ್ಲಿ ರೋಗಿಗಳ ಹೆಸರು ಕೂಗದೆ ಕೈಸನ್ನೆಯಲ್ಲೇ ಕರೆಯುತ್ತಿದ್ದಳು. ಆದರೆ ಹೆಸರಿಗೆ ಇನ್ನೊಂದು ಮಾತಿಲ್ಲ. ಬಸವರಾಜನಿಗೆ ಬಸವರಾಜ ಎಂದೇ ಅನ್ನಬೇಕು.

ಆ ವಾರ ನಾನು ನಿರ್ಧಾರ ಮಾಡಿದ್ದು ಇದನ್ನೇ ಯೋಚಿಸಿ. ಪಾತ್ರ ಹುಟ್ಟಿಸುವ ನಿಯಮ ಒಂದೇ ಇರಬೇಕು, ಅದರಲ್ಲಿ ಜಾರಲು ಸಂದಿ ಇರಬಾರದು. ಜಾರದಂತೆ ಹೆಸರನ್ನು ಹಿಡಿದಿಡುವ ವ್ಯವಸ್ಥೆ ನಮ್ಮ ಹೆಂಗಸರ ಕೈಯಲ್ಲಿ ಮೊದಲೇ ಇದೆ, ಅದೇ ಒಡಪು. ಪ್ರಾಸ ಕೂಡಿತೆಂದರೆ ಹೆಸರು ಅಲ್ಲೇ ಕೂತಿರುತ್ತದೆ, ಬೇರೆ ಮಾತು ಇಟ್ಟರೆ ಸಾಲು ಮುರಿಯುತ್ತದೆ. ಹೀಗೆ ಬರೆದುಕೊಂಡೆ: ಪಾತ್ರವೆಂದರೆ ಎರಡು ಸಾಲಿನ ಒಡಪು. ಒಡಪಿನಲ್ಲಿ ಏನು ಹೇಳುತ್ತೀರೋ ಅದು ನಿಮ್ಮ ಪಾತ್ರಕ್ಕೆ ಇದೆ, ಹೇಳದ್ದು ಇಲ್ಲ. ಪಾತ್ರದ ಹೆಸರು ನಿಮಗೆ ಹಿಡಿಯುವ ಅಕ್ಷರದಿಂದಲೇ ಶುರುವಾಗಬೇಕು. ಬರೆಯುವಂತಿಲ್ಲ, ಬಾಯಲ್ಲೇ ಕಟ್ಟಬೇಕು. ದಾಳ ಒಂದು. ಮಾಡುವ ಕೆಲಸ ಒಡಪಿನಲ್ಲಿದ್ದರೆ ಮೂರು ಬಿದ್ದರೂ ಗೆಲುವು, ಇಲ್ಲದಿದ್ದರೆ ಐದಾದರೂ ಬೀಳಬೇಕು.

ಉಪನ್ಯಾಸಕರಿಗೆ ಓದಿ ಹೇಳಿದೆ. ಅವರ ಮುಖ ಹಾಗಲಕಾಯಿ ಕಡಿದಂತಾಯಿತು.

"ಇದು ಆಟ ಅಲ್ರಿ ಮೇಡಂ, ಹೆಣ್ಮಕ್ಕಳ ಅರಿಶಿಣ ಕುಂಕುಮದ ಕಾರ್ಯಕ್ರಮ."

"ಇರ್ಲಿ ಬಿಡ್ರಿ. ಅಲ್ಲಿ ಎಲ್ಲಾರೂ ಬಾಯಿ ಬಿಡ್ತಾರ. ನಿಮ್ಮ ಆಟದಾಗ ಯಾರೂ ಬಿಡಲಿಲ್ಲ."

"ಹಂಗಾದ್ರ ಪಾತ್ರದ ಬಲ ಎಷ್ಟು, ತಾಳಿಕೆ ಎಷ್ಟು ಅಂತ ನಾ ಹೆಂಗ ತಿಳೀಬೇಕ್ರಿ?"

"ಕೇಳಿ ತಿಳೀರಿ. ಕಿವಿ ಅದಕ್ಕ ಅದಾವು."

ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ನನ್ನ ನಿಯಮ ಸೋಲುವುದನ್ನು ಕಣ್ಣಾರೆ ನೋಡುವ ಆಸೆ ಇತ್ತೆಂದು ಕಾಣುತ್ತದೆ.

ಅವರ ಆಸೆ ಬೇಗ ಈಡೇರಿತು. ಮೂರನೆಯ ಭಾನುವಾರ "ಒಡಪು" ಎಂಬ ಮಾತು ನನ್ನ ಬಾಯಿಂದ ಬಿದ್ದಕೂಡಲೇ ಹುಡುಗಿ ಎದ್ದು ನಿಂತಳು. ಅವಳ ತುಟಿಗಳು ಬಿಗಿದು ಬೆಳ್ಳಗಾದವು. ಕತ್ತಿನ ನರ ಉಬ್ಬಿತು. ಮಾತು ಬರುವವರೆಗೂ ನಾವು ಕಾದೆವು.

"ಹೊಸ್ತಿಲ ಮ್ಯಾಲ ಮಂದಿ ನಗೂದು ಸಾಲ್ದೇನ್ರಿ ಮೇಡಂ? ನೀವು ಇಲ್ಲೇ ಸುರು ಮಾಡ್ತೀರಿ?"

ಚಪ್ಪಲಿ ಮೆಟ್ಟಿ ಇಳಿದುಹೋದಳು. ಮುಂದಿನ ಭಾನುವಾರ ಬರಲಿಲ್ಲ. ತಾಯಿಯ ಫೋನು ಬಂತು. "ಆಟಾ ಗೀಟಾ ಬ್ಯಾಡ್ರಿ. ಒಂದ ಗುಳಿಗಿ ಬರದು ಕೊಡ್ರಿ, ಲಗ್ನದ ದಿನಾ ನುಂಗಸ್ತೀವಿ." ಅಂಥ ಗುಳಿಗೆ ಇಲ್ಲ ಎಂದೆ. ನಿನಗೆ ವಿದ್ಯೆ ಸಾಲದು ಎಂಬುದನ್ನು ಬಹಳ ಮರ್ಯಾದೆಯಿಂದ ತಿಳಿಸಿ ಫೋನಿಟ್ಟರು. ಒಂದು ನಿಯಮದ ಸೊಬಗಿಗೆ ಮರುಳಾಗಿ, ಭಯ ಇದ್ದವಳನ್ನು ಭಯದ ಬಾಯಿಗೇ ತಳ್ಳಿದೆನೇನೋ ಅನ್ನಿಸಿ ಊಟ ರುಚಿಸಲಿಲ್ಲ. ಆ ಉಪನ್ಯಾಸಕರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು ಎಂದು ಕೂಡ ಅನ್ನಿಸಿತು. ಅದೇ ಹೆಚ್ಚು ಚುಚ್ಚಿತು.

ಆ ನಾಲ್ಕನೆಯ ಭಾನುವಾರ ಗಂಡಸರಿಬ್ಬರು ಮಾತ್ರ ಬಂದಿದ್ದರು, ಅವರೇ ಆಡಿದರು. ಬೆಳೆಗಾರರಿಗೆ ಹಿಡಿಯುವುದು ಗ. ಬಾಯಲ್ಲೇ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ಕೊನೆಗೆ ಹೇಳಿದರು:

"ಹೊನವಾಡದ ಹೊಲಕ್ಕ ಕಲ್ಲಿನ ಒಡ್ಡ,
ಕುಡಗೋಲ ಹಿಡದು ನಿಂತಾನ ನೋಡ್ರಿ ಕಾವಲಗಾರ ಗಿಡ್ಡ."

ಗಿಡ್ಡ ಎಂಬ ಮಾತಿನ ಮುಂದೆ ಅವರು ತಡೆದು ನಿಂತ ಹೊತ್ತಿನಲ್ಲಿ ಒಂದು ಚಹಾ ಕುಡಿಯಬಹುದಿತ್ತು. ವೆಲ್ಡಿಂಗ್‌ನವರಿಗೆ ಕ ಹಿಡಿಯುತ್ತಿತ್ತು. ಅವರು ಹೇಳಿದರು:

"ಸೊಲ್ಲಾಪುರ ರಸ್ತೇಕ ಲಾರಿಗಳ ಸಾಲ,
ಕಬ್ಬಿಣ ಕಡದು ಹೋಳ ಮಾಡ್ತಾನ ಕಮ್ಮಾರ ಕಾಳ."

ಎರಡು ಪಾತ್ರಗಳು ಅರ್ಧ ಗಂಟೆಯೊಳಗೆ ಹುಟ್ಟಿದ್ದವು. ಏನು ಇದೆ, ಏನು ಇಲ್ಲ ಎಂಬುದು ಎಲ್ಲರಿಗೂ ಸ್ಪಷ್ಟವಿತ್ತು. ಗಿಡ್ಡನಿಗೆ ಕುಡುಗೋಲು, ಒಡ್ಡಿನ ಕಾವಲು. ಕಾಳನಿಗೆ ಕಬ್ಬಿಣ, ಲಾರಿ. ಉಪನ್ಯಾಸಕರು ಕೋಟೆಯ ಬಾಗಿಲಿಗೆ ಕಬ್ಬಿಣದ ಸರಪಳಿ ಹಾಕಿದ್ದೇ ತಡ, ಕಾಳ ಅದನ್ನು ಕಡಿದ. "ಕಡಿಯಾಕ ಉಷ್ಣತಾ ಎಷ್ಟ ಬೇಕ್ರಿ, ಅದಕ್ಕೊಂದು ಕೋಷ್ಟಕ ಐತಿ" ಎಂದು ಉಪನ್ಯಾಸಕರು ಪುಸ್ತಕಕ್ಕೆ ಕೈ ಹಾಕಿದರು. ಇಪ್ಪತ್ತು ವರ್ಷ ಕಬ್ಬಿಣ ಕಡಿದವರು ಅವರ ಮುಖ ನೋಡಿದರು ಅಷ್ಟೆ. ಪುಸ್ತಕ ಮುಚ್ಚಿತು.

ಬೆಳೆಗಾರರು ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ತಮ್ಮ ಒಡಪನ್ನು ಧ್ವನಿಮುದ್ರಿಸಿ ನಮ್ಮ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಗಿಡ್ಡನ ಮುಂದಿನ ಆ ಉದ್ದದ ಗ-ಗ-ಗ ಪೂರ್ತಿ ಅದರಲ್ಲಿತ್ತು. ಹಿಂದೆ ಬಸ್ಸಿನ ಜನ, ಕಂಡಕ್ಟರನ ಸೀಟಿ. ಮುಂದಿನ ಭಾನುವಾರ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ ಬಂದಿದ್ದಳು.

"ಬಸ್ಸಿನಾಗ ಅಷ್ಟ ಮಂದಿ ಕೇಳ್ಕೊಂತ ಕುಂತಿದ್ರೂ ಹೇಳ್ಯಾರಲ್ರಿ ಅಣ್ಣಾರು" ಎಂದಳು. ಆಮೇಲೆ ನನ್ನನ್ನು ನೋಡಿ, "ನಂದು ಬ ಅಲ್ರಿ? ಬ ದಿಂದನ ಮಾಡ್ತೀನಿ" ಎಂದಳು. ಆ ಎರಡು ಬಕಾರಗಳನ್ನು ದಾಟಲು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ ನನ್ನ ಕಣ್ಣು ತುಂಬಿತು. ತೋರಿಸಲಿಲ್ಲ.

ಅವಳ ಒಡಪು ಇದು:

"ಇಳದಾಳ ಬಾವಿ ಹಗ್ಗ ಇಲ್ಲದ, ನೀರಿಗಿ ಅಲ್ಲರಿ,
ಕ್ವಾಟಿ ಬಾಗಲಾ ಮುರಿಯಾಕ ಬಂದಾಳ ಬಂಗಾರಿ."

ಮೊದಲು ಆ ಮೂವರೂ ನಾನೂ ಒಟ್ಟಿಗೆ ಹೇಳಿದೆವು. ಗುಂಪಿನ ದನಿಯಲ್ಲಿ ಯಾರೂ ಉಗ್ಗುವುದಿಲ್ಲ. ಆಮೇಲೆ ಅವಳು ಒಬ್ಬಳೇ, ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ. ಸರಾಗವಾಗಿ ಬಂತು. ಉಪನ್ಯಾಸಕರೂ ಚಪ್ಪಾಳೆ ತಟ್ಟಿದರು. ಇಲ್ಲೇ ನಿಲ್ಲಿಸಿದ್ದರೆ ನಾನು ದೊಡ್ಡ ವೈದ್ಯೆ ಎನ್ನಿಸಿಕೊಳ್ಳುತ್ತಿದ್ದೆ. ತಾಳ ಹಾಕಿದರೆ ಉಗ್ಗು ಅಡಗುತ್ತದೆ, ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಹಳೆಯ ಕಣ್ಕಟ್ಟು. ಇದನ್ನೇ ಮಾರಿ ಬಂಗಲೆ ಕಟ್ಟಿಸಿದವರಿದ್ದಾರೆ. ತಾಳ ತಪ್ಪಿದ ದಿನ ಉಗ್ಗು ಬಡ್ಡಿ ಸಮೇತ ಎದ್ದು ಬರುತ್ತದೆ, ಆ ದಿನ ಅವರು ಫೋನು ಎತ್ತುವುದಿಲ್ಲ.

ಹಾಗಾಗಿ ತಾಳ ತೆಗೆಸಿದೆ. ಉಗ್ಗು ಬಂತು. ಆಗ ಇನ್ನೊಂದು ನಿಯಮ ಸೇರಿಸಿದೆ: ಪಾತ್ರದ ಹೆಸರು ಹೇಳುವಾಗ ಬೇಕೆಂದೇ ಉಗ್ಗಿದರೆ, ಎದುರಿನವರ ಮುಖ ನೋಡುತ್ತಾ ಉಗ್ಗಿದರೆ, ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ಉಗ್ಗುವವರ ಜೀವ ಅರ್ಧ ಸವೆಯುವುದು ಉಗ್ಗನ್ನು ಮುಚ್ಚಿಡುವುದರಲ್ಲಿ. ತಾನಾಗಿ ಮಾಡಿದ್ದಕ್ಕೆ ಹೆದರಿಕೆ ಕಡಿಮೆ, ಹೆದರಿಕೆ ಕಡಿಮೆಯಾದರೆ ಗಂಟಲ ಬಿಗಿ ಕಡಿಮೆ.

"ತಪ್ಪ ಮಾಡಿದ್ದಕ್ಕ ಬಹುಮಾನಾ?" ಉಪನ್ಯಾಸಕರ ದನಿ ಏರಿತು. "ಇಂಥಾ ನಿಯಮ ಯಾವ ಪುಸ್ತಕದಾಗೂ ಇಲ್ರಿ."

"ಅದು ತಪ್ಪ ಅಂತ ನಿಮಗ ಯಾರ ಹೇಳ್ಯಾರ್ರಿ ಸರ?" ಎಂದು ಕೇಳಿದವಳು ಹುಡುಗಿ. ಉಗ್ಗುತ್ತಲೇ ಕೇಳಿದಳು. ಕೇಳಿ, ಎರಡು ದಾಳಕ್ಕೆ ಕೈ ಚಾಚಿದಳು.

ಬೆಳೆಗಾರರು ಆ ನಿಯಮವನ್ನು ಮೂರು ಕಾಸಿಗೆ ಹರಾಜು ಹಾಕಿದರು. ದಾಳದ ಆಸೆಗೆ ಎಲ್ಲ ಮಾತಿಗೂ ಉಗ್ಗತೊಡಗಿದರು. ಒಂದು ಹಂತದಲ್ಲಿ ತಡೆದು, "ಮೇಡಂರೀ, ಈಗ ಬಂದಿದ್ದು ಖರೇದ್ದೋ ಸುಳ್ಳದ್ದೋ ನನಗ ತಿಳೀವಲ್ತು" ಎಂದರು. ಎಲ್ಲರೂ ನಕ್ಕೆವು, ಅವರು ಎಲ್ಲರಿಗಿಂತ ಹೆಚ್ಚು ನಕ್ಕರು. ನಲವತ್ತು ವರ್ಷ ಹೆದರಿದ್ದ ಭೂತದ ಗುರುತು ಸಿಗದೆ ಹೋಗಿತ್ತು.

ಆಟ ಮುಂದುವರಿದಂತೆ ಲಗ್ನವೂ ಹತ್ತಿರವಾಯಿತು. ಹುಡುಗ ದಿನವೂ ಫೋನು ಮಾಡುತ್ತಿದ್ದನಂತೆ, ಅವಳು ಎತ್ತುತ್ತಿರಲಿಲ್ಲ. ಮೆಸೇಜು ಮಾತ್ರ. ಅದರಲ್ಲಿ ಅವಳಷ್ಟು ವಾಚಾಳಿ ಇಲ್ಲ. ಒಂದು ಭಾನುವಾರ ಆಟದ ನಡುವೆಯೇ ಫೋನು ಬಂತು. ಅವಳು ನಮ್ಮೆಲ್ಲರ ಮುಖ ನೋಡಿದಳು, ಎತ್ತಿ, ಧ್ವನಿ ಹೊರಗೆ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು. ನಾನು ಹೇಳಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

"ಹಲೋ" ಎಂದ ಹುಡುಗ. ಅವಳ ಮಾತು ಹಿಡಿಯಿತು. "ಹಲೋ, ಹಲೋ. ರೇಂಜ್ ಇಲ್ಲೇನ ಅಲ್ಲಿ? ಹಲೋ. ಹೊರಗ ಬಂದು ಮಾತಾಡು." ಅವಳು ಮತ್ತೆ ಬಾಯಿ ತೆರೆದಳು. "ಹಲೋ, ಕಟ್ ಆಗಾಕತ್ತೈತಿ ನೋಡು" ಎಂದ.

"ರೇಂಜ್ ಐತ್ರಿ" ಎಂದಳು ಹುಡುಗಿ. "ನಾನ ಉಗ್ಗತೀನಿ."

ವೆಲ್ಡಿಂಗ್‌ನವರು ದಾಳವನ್ನು ಮುಷ್ಟಿಯಲ್ಲಿ ಹಿಚುಕಿ ಹಿಡಿದಿದ್ದರು. ಆ ಕಡೆಯಿಂದ ಹುಡುಗ "ಹೂಂ" ಎಂದ. ಆಮೇಲೆ, "ಮೊದಲ ಹೇಳಬೇಕಿಲ್ಲ? ನಾ ಸಿಮ್ ಬದಲ ಮಾಡಾಕ ಹೊಂಟಿದ್ನಿ" ಎಂದ. ಆಮೇಲೆ ಸೀರೆಗಳ ಬಣ್ಣದ ಬಗ್ಗೆ ಬಂಡಿಯಷ್ಟು ಮಾತಾಡಿದ. ಬುದ್ಧಿವಂತನೇನೂ ಅಲ್ಲ. ಅಷ್ಟರಮಟ್ಟಿಗೆ ಕೆಟ್ಟವನೂ ಅಲ್ಲ ಎಂದುಕೊಂಡೆ. "ನಮ್ಮ ಸೋದರತ್ತಿಗಿ ಮಾತ್ರ ಈಗ ಹೇಳೂದು ಬ್ಯಾಡ" ಎಂದು ಕೊನೆಗೆ ಸೇರಿಸಿದ. ಅಲ್ಲಿಗೆ ಅವನ ಶೌರ್ಯ ಮುಗಿಯಿತು.

ಲಗ್ನ ಟಿಕೋಟಾದಲ್ಲಿ ಆಯಿತು. ಮನೆ ತುಂಬಿಸಿಕೊಳ್ಳುವಾಗ ನಾನು ಹೆಣ್ಣಿನ ಕಡೆಯ ಹೆಂಗಸರ ಜೊತೆ ಬಬಲೇಶ್ವರಕ್ಕೆ ಹೋದೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿತ್ತು. ಗಂಡಿನ ಸೋದರತ್ತೆ ಬಾಗಿಲ ಎರಡೂ ಕಂಬಕ್ಕೆ ಕೈ ಕೊಟ್ಟು ನಿಂತಿದ್ದರು. ಆ ಬಾಗಿಲಿಗೆ ಅವರೇ ಸಾಕಿತ್ತು, ಬೇರೆ ಕದ ಬೇಕಿರಲಿಲ್ಲ. ಕೊರಳಲ್ಲಿ ಬಂಗಾರ, ಮುಖದಲ್ಲಿ ಎಲ್ಲರಿಗೂ ಸಾಲ ಕೊಟ್ಟವರ ಕಳೆ.

"ಶಾಂತ ಹುಡುಗಿ ಅಂತ ಕೇಳೀವಿ. ಇವತ್ತರ ದನಿ ಕೇಳೂನು" ಎಂದರು. ಹಿಂದಿನವರು ನಕ್ಕರು. ಹೆಣ್ಣಿನ ತಾಯಿ ನನ್ನ ಕೈಯನ್ನು ಎಲುಬು ನೋಯುವಂತೆ ಹಿಡಿದುಕೊಂಡರು.

ಹುಡುಗಿ ಹೊಸ ಒಡಪು ಕಟ್ಟಿದ್ದಳು. ನನಗೂ ಹೇಳಿರಲಿಲ್ಲ.

"ಹೊಸ್ತಿಲ ಮ್ಯಾಲ ಇಟ್ಟೀರಿ ಅಕ್ಕಿ ತುಂಬಿದ ಸೇರ" ಎಂದಳು. ಸಾಲು ನೀರಿನಂತೆ ಹರಿಯಿತು. ತುಟಿಗಳು ಕೂಡಿದವು. ಅಲ್ಲಿಗೆ ನಿಂತಿತು. ಪ್ರಾಸ, ಲಯ, ಒಂದೂ ಕೈ ಹಿಡಿಯಲಿಲ್ಲ. ಬಕಾರ ಅವಳ ಬಾಯಲ್ಲಿ ಹಾಗೆಯೇ ಕೂತಿತು. ಹೆಂಗಸರ ನಗು ಸಣ್ಣಗಾಯಿತು, ಪಿಸುಮಾತಾಯಿತು. ನಾನು ಮನಸ್ಸಿನಲ್ಲೇ ತಾಳ ಹಾಕು, ತಾಳ ಹಾಕು ಎಂದು ಬೇಡಿಕೊಂಡೆ. ತಾಳ ತೆಗೆಸಿದವಳು ನಾನೇ.

ಸೋದರತ್ತೆಗೆ ವಿಷಯ ತಿಳಿಯಿತು. ಅವರ ಹುಬ್ಬು ಮೇಲೇರಿತು, ಆಮೇಲೆ ಬಾಯಿ ಸಿಹಿಯಾಯಿತು. ಸಿಹಿಯೇ ಅವರಲ್ಲಿ ಹೆಚ್ಚು ಹೊಲಸಾಗಿತ್ತು. "ಬಸವರಾಜ ಅನ್ನವ್ವಾ. ಬ-ಸ-ವ-ರಾ-ಜ. ಹೋಗ್ಲಿ ಬಿಡು ತಂಗಿ, ನಾನ ಹೇಳೀನಲ್ಲ, ಒಳಗ ಬಾ" ಎಂದು ಕಂಬದಿಂದ ಒಂದು ಕೈ ತೆಗೆದರು. ದಾರಿ ತೆರೆಯಿತು. ತಾಯಿ ನನ್ನ ಪಕ್ಕದಲ್ಲಿ ಸಮಾಧಾನದ ಉಸಿರು ಬಿಟ್ಟರು. ಯಾರೋ ಆರತಿ ತಟ್ಟೆ ಮುಂದೆ ತಂದರು.

ಹುಡುಗಿ ಒಳಗೆ ಹೋಗಲಿಲ್ಲ. ಆರತಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ತಡೀರಿ ಅತ್ತಿ. ನಾ ಇನ್ನೂ ಹೇಳಾಕತ್ತೀನಿ."

ಹಾಗೆ ಹೇಳಿ, ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು. ಸೋದರತ್ತೆಯ ಮುಖವನ್ನೇ ನೋಡುತ್ತಾ ಎರಡನೆಯ ಸಾಲಿಗೆ ಬಂದಳು. ಬ ಹಿಡಿಯಿತು. ಅವಳು ಕಣ್ಣು ಮುಚ್ಚಲಿಲ್ಲ, ತಲೆ ತಗ್ಗಿಸಲಿಲ್ಲ, ಬೇರೆ ಮಾತಿಗೆ ಜಾರಲಿಲ್ಲ. ಬ, ಬ, ಬ ಎಂದು ಎಲ್ಲರೂ ಕೇಳುವಂತೆ ಉಗ್ಗಿದಳು. ಕಣ್ಣು ತಗ್ಗಿಸಿದವರು ಸೋದರತ್ತೆ.

"ಬಸವರಾಜರ ಹೆಸರ ಹೇಳೀನಿ, ಸರೀರಿ ಒಂಚೂರ ದೂರ."

ಅವರು ಸರಿದರು. ಹುಡುಗಿ ಸೇರನ್ನು ಒದ್ದಳು, ಅಕ್ಕಿ ನಡುಮನೆಯವರೆಗೂ ಚೆಲ್ಲಿತು. ಅವಳ ತಾಯಿ ಅಳುತ್ತಿದ್ದರು. ಮಾನ ಹೋಯಿತೆಂದೋ ಉಳಿಯಿತೆಂದೋ ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನಾನು ಕೇಳಲಿಲ್ಲ.

ಆಮೇಲೆ ಹೆಂಗಸರು ಪದ್ಧತಿಯಂತೆ ಗಂಡಿನ ಕಡೆ ತಿರುಗಿದರು. ಅವನೂ ಒಡಪಿನಲ್ಲಿ ಹೆಂಡತಿಯ ಹೆಸರು ಹೇಳಬೇಕು. ಅವನಿಗೆ ಒಂದು ಸಾಲೂ ಹೊಳೆಯಲಿಲ್ಲ. ಕಿವಿ ಕೆಂಪಾಯಿತು, ಪೇಟ ಸರಿಮಾಡಿಕೊಂಡ, ನೆಲ ನೋಡಿದ. ಅಭ್ಯಾಸ ಬಲದಿಂದ ಸೋದರತ್ತೆ ಅವನಿಗೆ ಸಾಲು ಎತ್ತಿಕೊಡಲು ಬಾಯಿ ತೆರೆದರು.

"ಬ್ಯಾಡ್ರಿ ಅತ್ತಿ" ಎಂದಳು ಹುಡುಗಿ. "ಅವ್ರ ಹೇಳ್ಲಿ. ನಾವು ಕಾಯ್ತೀವಿ."

ಮದುಮಗ ಬಾಯಿ ತೆರೆದು ನಿಂತ. ಅವನಿಗೆ ಉಗ್ಗು ಇರಲಿಲ್ಲ. ಆದರೂ ನಾವು ಬಹಳ ಹೊತ್ತು ಕಾಯಬೇಕಾಯಿತು.